ಅರ್ಧ ಮಿಲಿಮೀಟರಿನ ಲೆಕ್ಕ

ಸೀಜ್ ಆದ ಟೂ-ಸ್ಟ್ರೋಕ್ ಎಂಜಿನ್ನನ್ನು ಬಿಚ್ಚುವುದು, ಬ್ಲಾಕನ್ನು ಲೇತಿನ ಅಂಗಡಿಗೆ ಕೊಟ್ಟು ಬೋರ್ ಮಾಡಿಸುವುದು, ಓವರ್‌ಸೈಜ್ ಪಿಸ್ಟನ್ ತಂದು ಕೂರಿಸುವುದು ಕರ್ನಾಟಕದ ಗ್ಯಾರೇಜುಗಳಿಗೆ ಹೊಸ ವಿದ್ಯೆಯೇನಲ್ಲ. ಯೆಜ್ಡಿ, ಆರ್‌ಎಕ್ಸ್ 100 ಓಡಿಸಿದ ಒಂದಿಡೀ ತಲೆಮಾರು ಈ ಮಾತುಗಳ ನಡುವೆಯೇ ಬೆಳೆದಿದೆ. ಆದರೆ ಇದೇ ಕೆಲಸವನ್ನು ಜೆಟ್ ಸ್ಕೀಯಂಥ ನೀರಿನ ವಾಹನದ ಎಂಜಿನ್ನಿಗೆ ಮಾಡಿದಾಗ, ಬೋರು ಸರಿ ಇದ್ದು, ರಿಂಗ್ ಗ್ಯಾಪ್ ಸರಿ ಇದ್ದು, ಎಣ್ಣೆಯೂ ಸರಿ ಇದ್ದು, ಹೊಸ ಪಿಸ್ಟನ್ನಿನ ಮೈಮೇಲೆ ಗೀರು ಬೀಳುವುದುಂಟು. ಒಮ್ಮೊಮ್ಮೆ ರಿಂಗೇ ತುಂಡಾಗಿ ಸಿಲಿಂಡರಿನೊಳಗೆ ಚೂರುಚೂರಾಗುವುದೂ ಉಂಟು. ಹುಡುಕುತ್ತ ಹೋದರೆ ಸಿಗುವ ಕಾರಣ, ಎಕ್ಸಾಸ್ಟ್ ಪೋರ್ಟಿನ ಬಾಯಲ್ಲಿ ಕೂತಿರುವ ಒಂದು ಲೋಹದ ಅಲಗು. ಸಿಲಿಂಡರನ್ನು ದೊಡ್ಡದು ಮಾಡಿದವರು ಆ ಅಲಗನ್ನು ಅಳೆದು ನೋಡದೆ, ಇದ್ದ ಹಾಗೇ ಮರಳಿ ಜೋಡಿಸಿರುತ್ತಾರೆ.

ಟೂ-ಸ್ಟ್ರೋಕ್ ಎಂಜಿನ್ನಿಗೆ ಎಕ್ಸಾಸ್ಟ್ ವಾಲ್ವ್ ಎಲ್ಲಿಂದ ಬಂತು ಎಂದು ತಿಳಿದವರು ಕೇಳಿಯೇ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಫೋರ್-ಸ್ಟ್ರೋಕಿನಲ್ಲಿ ಕ್ಯಾಮ್ ಇದೆ, ರಾಕರ್ ಇದೆ, ಟ್ಯಾಪೆಟ್ ಸದ್ದು ಬಂದರೆ ಫೀಲರ್ ಗೇಜ್ ಹಾಕಿ ಸರಿಮಾಡುತ್ತಾರೆ. ಮಾಮೂಲಿ ಟೂ-ಸ್ಟ್ರೋಕಿನಲ್ಲಿ ಇದ್ಯಾವುದೂ ಇಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿವೆ. ಪಿಸ್ಟನ್ ಏರಿಳಿಯುತ್ತ ತಾನೇ ಅವನ್ನು ತೆರೆಯುತ್ತದೆ, ಮುಚ್ಚುತ್ತದೆ. ಈ ಸರಳತೆಯೇ ಟೂ-ಸ್ಟ್ರೋಕಿನ ದೊಡ್ಡ ಗುಣ. ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಸೀಮೆಎಣ್ಣೆ ಕುಡಿದು ಓಡುವ ಔಟ್‌ಬೋರ್ಡ್ ಎಂಜಿನ್ನುಗಳನ್ನು ಮರಳು, ಉಪ್ಪುಗಾಳಿಯ ನಡುವೆಯೇ ಬಿಚ್ಚಿ ಜೋಡಿಸಲು ಸಾಧ್ಯವಾಗಿರುವುದೂ ಇದರಿಂದಲೇ.

ಆದರೆ ಆ ಸರಳತೆಗೆ ತೆರಬೇಕಾದ ಬೆಲೆಯೊಂದಿದೆ. ಕಿಂಡಿಯನ್ನು ಒಮ್ಮೆ ಕೊರೆದರೆ ಮುಗಿಯಿತು, ಅದರ ಎತ್ತರ ಬದಲಾಗುವುದಿಲ್ಲ. ಎಕ್ಸಾಸ್ಟ್ ಪೋರ್ಟಿನ ಮೇಲಂಚು ಎಷ್ಟು ಮೇಲಿದೆ ಎಂಬುದೇ ಹೊಗೆ ಯಾವಾಗ ಹೊರಗೆ ಹೋಗಲು ಶುರುವಾಗುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಮೇಲಂಚು ಎತ್ತರದಲ್ಲಿದ್ದರೆ ಪೋರ್ಟ್ ಬೇಗ ತೆರೆದು ತಡವಾಗಿ ಮುಚ್ಚುತ್ತದೆ. ವೇಗವಾಗಿ ತಿರುಗುವ ಎಂಜಿನ್ನಿಗೆ ಅದು ಬೇಕು, ಏಕೆಂದರೆ ಹೊಗೆ ಖಾಲಿಯಾಗಲು ಸಿಗುವ ಸಮಯವೇ ಕಡಿಮೆ. ನಿಧಾನಕ್ಕೆ ತಿರುಗುವಾಗ ಅದೇ ಎತ್ತರದ ಪೋರ್ಟಿನಿಂದ ತಾಜಾ ಪೆಟ್ರೋಲ್ ಮಿಶ್ರಣವೂ ಹೊರಗೆ ಸೋರಿ ಹೋಗುತ್ತದೆ, ಎಳೆಯುವ ಶಕ್ತಿ ಕುಸಿಯುತ್ತದೆ. ಮದರಾಸಿನ ಬಳಿಯ ಶೋಲಾವರಂ ರೇಸುಗಳ ಕಾಲದಲ್ಲಿ ಬೈಕುಗಳ ಎಕ್ಸಾಸ್ಟ್ ಪೋರ್ಟನ್ನು ಅರ ಹಾಕಿ ಎತ್ತರಿಸಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ನೇರ ದಾರಿಯಲ್ಲಿ ಬೈಕು ಹಾರುತ್ತಿತ್ತು, ಊರೊಳಗೆ ಮೂರನೇ ಗೇರಿನಲ್ಲಿ ಕೆಮ್ಮುತ್ತಿತ್ತು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಬೈಕುಗಳು ಈ ಇಕ್ಕಟ್ಟನ್ನು ಒಂದು ರಾಜಿಯಿಂದ ಬಗೆಹರಿಸಿದ್ದವು. 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕಿನ ಆ 250 ಸಿಸಿ ಎಂಜಿನ್ನಿನಲ್ಲಿ ಪೋರ್ಟನ್ನು ತಗ್ಗಿನಲ್ಲೇ ಇಟ್ಟು, ಮೇಲಿನ ವೇಗವನ್ನು ಬಿಟ್ಟುಕೊಟ್ಟು, ಕೆಳಗಿನ ಎಳೆತವನ್ನು ಉಳಿಸಿಕೊಂಡರು. ಇಬ್ಬರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುವ ಬೈಕಿಗೆ ಅದು ಒಪ್ಪುವ ರಾಜಿ. ನೀರಿನ ಮೇಲೆ ಓಡುವ ಯಂತ್ರಕ್ಕೆ ಅದು ಒಪ್ಪುವುದಿಲ್ಲ. ಅಲ್ಲಿ ಗೇರುಗಳೇ ಇಲ್ಲ. ನಿಂತಲ್ಲಿಂದ ನೀರನ್ನು ಸೀಳಿಕೊಂಡು ಮೇಲೇಳಲು ಕೆಳಗಿನ ಎಳೆತವೂ ಬೇಕು, ಮೇಲೆದ್ದ ಮೇಲೆ ಏಳು ಸಾವಿರ ಸುತ್ತುಗಳ ವೇಗವೂ ಬೇಕು. ಎರಡನ್ನೂ ಒಂದೇ ಕಿಂಡಿ ಒದಗಿಸಬೇಕು.

ತ್ಸೊಪಾವಿನಿಂದ ಗುನ್ಸ್‌ಕಿರ್ಚೆನ್‌ವರೆಗೆ

ಟೂ-ಸ್ಟ್ರೋಕಿನ ಎಕ್ಸಾಸ್ಟನ್ನು ಬರಿಯ ಹೊಗೆಕೊಳವೆ ಎಂದು ನೋಡದೆ, ಎಂಜಿನ್ನಿನ ಉಸಿರಾಟದ ಅಂಗವೆಂದೇ ನೋಡಿದವರಲ್ಲಿ ಮೊದಲ ಹೆಸರು ವಾಲ್ಟರ್ ಕಾಡೆನ್. ಪೂರ್ವ ಜರ್ಮನಿಯ ತ್ಸೊಪಾವ್ ಎಂಬ ಊರಿನಲ್ಲಿ ಎಂಜೆಡ್ ಕಂಪನಿಯ ರೇಸ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಅವರು. ಎಕ್ಸಾಸ್ಟ್ ತೆರೆದೊಡನೆ ಹೊರಡುವ ಒತ್ತಡದ ಅಲೆ ಕೊಳವೆಯೊಳಗೆ ಹೋಗಿ, ಅಗಲವಾಗುವ ಮತ್ತು ಕಿರಿದಾಗುವ ಭಾಗಗಳಿಗೆ ಬಡಿದು ಹಿಂದಿರುಗುತ್ತದೆ. ಕೊಳವೆಯ ಆಕಾರ ಸರಿಯಾಗಿದ್ದರೆ ಆ ಅಲೆ ಮೊದಲು ಸಿಲಿಂಡರಿನಿಂದ ಹೊಗೆಯನ್ನು ಎಳೆದುಕೊಳ್ಳುತ್ತದೆ, ಆಮೇಲೆ ಸೋರಿಹೋಗುತ್ತಿರುವ ತಾಜಾ ಮಿಶ್ರಣವನ್ನು ಹಿಂದಕ್ಕೆ ತಳ್ಳುತ್ತದೆ. 1961ರ ಹೊತ್ತಿಗೆ ಕಾಡೆನ್ ಕೈಯಲ್ಲಿ 125 ಸಿಸಿಯ ಎಂಜಿನ್ನು 25 ಅಶ್ವಶಕ್ತಿ ಕೊಡುತ್ತಿತ್ತು, ಎಂದರೆ ಲೀಟರಿಗೆ 200. ಟರ್ಬೊ, ಸೂಪರ್‌ಚಾರ್ಜರ್ ಯಾವುದೂ ಇಲ್ಲದೆ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಡೆನ್ ತಂಡದ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ ಗ್ರ್ಯಾನ್‌ಪ್ರಿ ಮುಗಿಸಿದವರು ಪೂರ್ವ ಜರ್ಮನಿಗೆ ಮರಳಲೇ ಇಲ್ಲ. ಬರ್ಲಿನ್ ಗೋಡೆ ಎದ್ದು ಆಗಿನ್ನೂ ಕೆಲವೇ ವಾರಗಳಾಗಿದ್ದವು. ಡೆಗ್ನರ್ ಸುಜುಕಿ ಸೇರಿದರು. ಮರುವರ್ಷ, 1962ರಲ್ಲಿ, 50 ಸಿಸಿ ವಿಭಾಗದ ವಿಶ್ವ ಪ್ರಶಸ್ತಿ ಸುಜುಕಿಯ ಪಾಲಾಯಿತು. ಕಾಡೆನ್ ವಿದ್ಯೆ ಜಪಾನಿಗೆ ದಾಟಿದ್ದು ಹೀಗೆ. ಕಾಡೆನ್ ಮಾತ್ರ ತಾವಿದ್ದಲ್ಲೇ ಉಳಿದರು. ಟೂ-ಸ್ಟ್ರೋಕ್ ಬೈಕು ಹತ್ತಿದ ಪ್ರತಿಯೊಬ್ಬರೂ ತಿಳಿದಿರಬೇಕಾದ ಹೆಸರು ಅವರದು ಎಂದು ನಾನು ನಂಬಿದ್ದೇನೆ.

ಕಾಡೆನ್ ಕೊಳವೆಗೆ ಒಂದು ಮಿತಿ ಇತ್ತು. ಅಲೆ ಕೊಳವೆಯೊಳಗೆ ಹೋಗಿಬರಲು ಹಿಡಿಯುವ ಸಮಯ ಹೆಚ್ಚುಕಮ್ಮಿ ಒಂದೇ. ಎಂಜಿನ್ ತಿರುಗುವ ವೇಗ ಮಾತ್ರ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಅಲೆ ಸರಿಯಾದ ಹೊತ್ತಿಗೆ ಬಂದು ತಲುಪುವುದು ಒಂದು ಕಿರಿದಾದ ವೇಗದ ಪಟ್ಟಿಯಲ್ಲಿ ಮಾತ್ರ. ಕೊಳವೆಯನ್ನು ಓಡುತ್ತ ಓಡುತ್ತ ಬದಲಿಸಲಾಗದು. ಪೋರ್ಟಿನ ಎತ್ತರವನ್ನಾದರೂ ಬದಲಿಸಬಹುದಲ್ಲ ಎಂಬ ಆಲೋಚನೆಯಿಂದ ಹುಟ್ಟಿದ್ದೇ ಪವರ್ ವಾಲ್ವ್. 1970ರ ದಶಕದ ಕೊನೆಗೆ ಯಮಹಾ ತನ್ನ ಗ್ರ್ಯಾನ್‌ಪ್ರಿ ಬೈಕುಗಳಲ್ಲಿ ವೈಪಿವಿಎಸ್ ಎಂಬ ಹೆಸರಿನಲ್ಲಿ ಅದನ್ನು ತಂದಿತು. ಪೋರ್ಟಿನ ಮೇಲಂಚಿನಲ್ಲಿ ಅಡ್ಡಲಾಗಿ ಕೂತ ಒಂದು ಉರುಳೆ. ಅದು ತಿರುಗಿದಂತೆ ಪೋರ್ಟು ತಗ್ಗುತ್ತದೆ, ಎತ್ತರವಾಗುತ್ತದೆ. ಆಮೇಲೆ ಕವಾಸಾಕಿ, ಹೋಂಡಾ, ಸುಜುಕಿ ಒಬ್ಬೊಬ್ಬರೂ ತಮ್ಮದೇ ಬಗೆಯನ್ನು ಕಂಡುಕೊಂಡರು. ನಮ್ಮಲ್ಲಿ ಮನೆಮಾತಾದ ರಾಜದೂತ್ 350ರಲ್ಲಾಗಲಿ, ಆರ್‌ಎಕ್ಸ್ 100ರಲ್ಲಾಗಲಿ ಪವರ್ ವಾಲ್ವ್ ಇರಲಿಲ್ಲ. ಹಾಗಾಗಿ ಟೂ-ಸ್ಟ್ರೋಕಿನಲ್ಲಿ ಪಳಗಿದ ನಮ್ಮ ಹಿರಿಯ ಮೆಕ್ಯಾನಿಕ್‌ಗಳಿಗೂ ಅಲಗಿನ ಗ್ಯಾಪ್ ಅಳೆಯುವ ಸಂದರ್ಭವೇ ಬರಲಿಲ್ಲ.

ಆಸ್ಟ್ರಿಯಾದ ಗುನ್ಸ್‌ಕಿರ್ಚೆನ್‌ನಲ್ಲಿರುವ ರೋಟಾಕ್ಸ್ ಕಂಪನಿ ಹಿಡಿದ ದಾರಿ ಬೇರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಊರಿನ ಬೊಂಬಾರ್ಡಿಯೇ, 1959ರಿಂದ ಸ್ಕೀ-ಡೂ ಎಂಬ ಹಿಮವಾಹನ ಮಾಡುತ್ತಿದ್ದ ಕಂಪನಿ, 1970ರಲ್ಲಿ ರೋಟಾಕ್ಸನ್ನು ತನ್ನದಾಗಿಸಿಕೊಂಡಿತು. ಅದಕ್ಕೂ ಮೊದಲೇ, 1968ರಲ್ಲಿ, ಅಮೆರಿಕದ ಕ್ಲೇಟನ್ ಜೇಕಬ್‌ಸನ್ ಅವರ ಕಲ್ಪನೆಯನ್ನು ಆಧರಿಸಿ ಸೀ-ಡೂ ಎಂಬ ನೀರಿನ ವಾಹನವನ್ನು ಅದು ಮಾರುಕಟ್ಟೆಗೆ ತಂದಿತ್ತು. ಆ ವಾಹನ ಮಾರುಕಟ್ಟೆಯಲ್ಲಿ ನೆಲೆ ನಿಲ್ಲಲಿಲ್ಲ. 1973ರಲ್ಲಿ ಜೇಕಬ್‌ಸನ್ ಅವರ ನಿಂತು ಓಡಿಸುವ ವಿನ್ಯಾಸವನ್ನು ಕವಾಸಾಕಿ ಜೆಟ್ ಸ್ಕೀ ಎಂಬ ಹೆಸರಿನಲ್ಲಿ ತಂದಾಗ ಮಾತ್ರ ಜಗತ್ತು ಒಪ್ಪಿಕೊಂಡಿತು. 1980ರ ದಶಕದ ಕೊನೆಗೆ ಸೀ-ಡೂ ಮತ್ತೆ ಹುಟ್ಟಿ ಬಂತು, ಈ ಸಲ ಗಟ್ಟಿಯಾಗಿ ನೆಲೆಯೂರಿತು. 1990ರ ದಶಕದ ನಡುವಿನಲ್ಲಿ ಅದರ ಎಕ್ಸ್‌ಪಿ ಮಾದರಿಗೆ ಕೂರಿಸಿದ ರೋಟಾಕ್ಸ್ 787 ಎಂಜಿನ್ನಿನಲ್ಲಿ ರೇವ್ ಎಂಬ ಪವರ್ ವಾಲ್ವ್ ಇತ್ತು. ಎರಡು ಸಿಲಿಂಡರು, 82 ಮಿಲಿಮೀಟರ್ ಬೋರು, 74 ಮಿಲಿಮೀಟರ್ ಸ್ಟ್ರೋಕು, 781.6 ಸಿಸಿ, 110 ಅಶ್ವಶಕ್ತಿ. ಕೆಲವು ವರ್ಷಗಳ ನಂತರ 88 ಮಿಲಿಮೀಟರ್ ಬೋರಿನ, 951 ಸಿಸಿಯ, 130 ಅಶ್ವಶಕ್ತಿಯ 947 ಬಂತು. ಕೆನಡಾ, ಅಮೆರಿಕದ ಕೆರೆಗಳ ದಡದ ಮನೆಗಳಲ್ಲಿ ಈ ಎರಡು ಎಂಜಿನ್ನುಗಳನ್ನು ಇಂದಿಗೂ ಹಿಮ ಕರಗುವ ಕಾಲದಲ್ಲಿ ಬಿಚ್ಚಿ ಹರಡಿಕೊಂಡು ಕೂರುವವರಿದ್ದಾರೆ.

ರೇವ್ ವಾಲ್ವ್ ನೋಡಲು ಬಲು ಸರಳ. ಸಿಲಿಂಡರಿನ ಹೊರಗಿನಿಂದ ಓರೆಯಾಗಿ ಒಳಗಿಳಿಯುವ ಒಂದು ಚಪ್ಪಟೆ ಅಲಗು, ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದ ಹಾಗೆ ಎಕ್ಸಾಸ್ಟ್ ಪೋರ್ಟಿನ ಮೇಲ್ಭಾಗವನ್ನು ಮುಚ್ಚುತ್ತದೆ. ಅಲಗಿನ ಹಿಂದೆ ಒಂದು ಕಡ್ಡಿ, ಕಡ್ಡಿಯ ಸುತ್ತ ರಬ್ಬರಿನ ಬೆಲ್ಲೋಸ್, ಮೇಲೊಂದು ಸ್ಪ್ರಿಂಗ್, ಸ್ಪ್ರಿಂಗಿನ ಬಿಗಿತ ಬದಲಿಸಲು ಒಂದು ಕೆಂಪು ಸ್ಕ್ರೂ. ಎಂಜಿನ್ ನಿಧಾನವಾಗಿ ತಿರುಗುವಾಗ ಸ್ಪ್ರಿಂಗ್ ಅಲಗನ್ನು ಒಳಕ್ಕೆ ಒತ್ತಿ ಹಿಡಿದಿರುತ್ತದೆ, ಪೋರ್ಟು ತಗ್ಗಾಗಿರುತ್ತದೆ. ವೇಗ ಏರಿ ಹೊಗೆಯ ಒತ್ತಡ ಹೆಚ್ಚಿದಾಗ ಬೆಲ್ಲೋಸ್ ಉಬ್ಬಿ ಅಲಗನ್ನು ಹಿಂದಕ್ಕೆಳೆಯುತ್ತದೆ, ಪೋರ್ಟು ಎತ್ತರವಾಗುತ್ತದೆ. ಒಂದೇ ಎಂಜಿನ್ನಿಗೆ ಎರಡು ಸ್ವಭಾವ.

ಬೋರು ದೊಡ್ಡದಾದರೆ ಏನಾಗುತ್ತದೆ?

ವಿಷಯದ ತಿರುಳು ಇಲ್ಲಿದೆ. ಅಲಗಿನ ತುದಿ ಸಿಲಿಂಡರಿನ ಗೋಡೆಗೆ ಸರಿಸಮನಾಗಿ ನಿಂತಿರುವುದಿಲ್ಲ, ನಿಲ್ಲಬಾರದು ಕೂಡ. ಗೋಡೆಯಿಂದ ತುಸು ಹಿಂದೆ, ಪೋರ್ಟಿನೊಳಗೇ ನಿಂತಿರುತ್ತದೆ. ಆ ತುಸು ಜಾಗವೇ ಕ್ಲಿಯರೆನ್ಸ್. ಕಾರ್ಖಾನೆಯಲ್ಲಿ 82 ಮಿಲಿಮೀಟರ್ ಬೋರಿಗೆ ಲೆಕ್ಕ ಹಾಕಿ ಅಲಗಿನ ಉದ್ದವನ್ನು ನಿಗದಿ ಮಾಡಿರುತ್ತಾರೆ. ಈಗ ಸಿಲಿಂಡರಿನಲ್ಲಿ ಗೀರು ಬಿದ್ದು ಅರ್ಧ ಮಿಲಿಮೀಟರ್ ಓವರ್‌ಸೈಜಿಗೆ, ಅಂದರೆ 82.5ಕ್ಕೆ ಬೋರ್ ಮಾಡಿಸಿದ್ದೀರಿ ಎನ್ನಿ. ವ್ಯಾಸ ಅರ್ಧ ಮಿಲಿಮೀಟರ್ ಹೆಚ್ಚಾಯಿತು, ಆದ್ದರಿಂದ ಗೋಡೆ ಪ್ರತಿ ಬದಿಯಲ್ಲೂ ಕಾಲು ಮಿಲಿಮೀಟರ್ ಹಿಂದೆ ಸರಿಯಿತು. ಅಲಗು ಮಾತ್ರ ಇದ್ದಲ್ಲೇ ಇದೆ. ಗೋಡೆ ಅಲಗಿನ ಕಡೆಗೆ ನಡೆದು ಬಂದಿತು. ಕ್ಲಿಯರೆನ್ಸಿನಲ್ಲಿ ಕಾಲು ಮಿಲಿಮೀಟರ್ ಯಾರಿಗೂ ತಿಳಿಯದ ಹಾಗೆ ಖರ್ಚಾಗಿ ಹೋಯಿತು. ಒಂದು ಮಿಲಿಮೀಟರ್ ಓವರ್‌ಸೈಜ್ ಆದರೆ ಹೋಗುವುದು ಅರ್ಧ ಮಿಲಿಮೀಟರ್.

ಲೆಕ್ಕ ಇಲ್ಲಿಗೇ ನಿಲ್ಲುವುದಿಲ್ಲ. ಅಲಗು ಗೋಡೆಗೆ ನೇರವಾಗಿ ಬರುವುದಿಲ್ಲ, ಓರೆಯಾಗಿ ಬರುತ್ತದೆ. ಅಡ್ಡಗೆರೆಗೆ 30 ಡಿಗ್ರಿ ಓರೆ ಇದೆ ಎಂದುಕೊಂಡರೆ, ಗೋಡೆ ಸರಿದ 0.25 ಮಿಲಿಮೀಟರನ್ನು ಸರಿದೂಗಿಸಲು ಅಲಗಿನ ಉದ್ದದಲ್ಲಿ 0.29 ಮಿಲಿಮೀಟರ್ ತೆಗೆಯಬೇಕಾಗುತ್ತದೆ. ಕಾಗದದ ಮೇಲೆ ಇದು ಅಲ್ಪ. ಎಂಜಿನ್ನಿನೊಳಗೆ ಅಲ್ಪವಲ್ಲ, ಏಕೆಂದರೆ ತಣ್ಣಗಿರುವಾಗ ಅಳೆದ ಗ್ಯಾಪ್ ಬಿಸಿಯಾದ ಮೇಲೆ ಅಷ್ಟೇ ಉಳಿದಿರುವುದಿಲ್ಲ. ಅಲ್ಯೂಮಿನಿಯಂ ಪಿಸ್ಟನ್ನು ಕಬ್ಬಿಣದ ಸ್ಲೀವಿಗಿಂತ ಹೆಚ್ಚು ಹಿಗ್ಗುತ್ತದೆ. ಹೊಗೆಯ ದಾರಿಯಲ್ಲೇ ಕೂತ ಅಲಗೂ ಕಾದು ಉದ್ದವಾಗುತ್ತದೆ. ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಕೂದಲೆಳೆಯಷ್ಟಾದರೂ ಅತ್ತಿತ್ತ ವಾಲುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ರಿಂಗು. ರಿಂಗಿನ ಸ್ವಭಾವವೇ ಹೊರಕ್ಕೆ ಒತ್ತುವುದು. ಗೋಡೆ ಇರುವಷ್ಟು ದೂರ ಗೋಡೆ ಅದನ್ನು ತಡೆದಿಡುತ್ತದೆ. ಪೋರ್ಟಿನ ಮುಂದೆ ಹಾಯುವಾಗ ಅಲ್ಲಿ ಗೋಡೆಯಿಲ್ಲ. ರಿಂಗು ಆ ಅಗಲದಷ್ಟು ತುಸು ಹೊರಕ್ಕೆ ಬಾಗುತ್ತದೆ. ಬಾಗಿದ ಜಾಗದಲ್ಲೇ ಅಲಗಿನ ತುದಿ ಕಾದು ಕೂತಿದೆ. ನಿಮಿಷಕ್ಕೆ 7000 ಸುತ್ತುಗಳ ವೇಗದಲ್ಲಿ ಪಿಸ್ಟನ್ ಸೆಕೆಂಡಿಗೆ ಸುಮಾರು 117 ಸಲ ಇಳಿದು ಅಷ್ಟೇ ಸಲ ಏರುತ್ತದೆ, ಸೆಕೆಂಡಿಗೆ ಸರಾಸರಿ 17 ಮೀಟರ್ ವೇಗದಲ್ಲಿ. ಆ ಹೊತ್ತಿಗೆ ಅಲಗು ಹಿಂದೆ ಸರಿದಿರುತ್ತದೆ ನಿಜ. ಆದರೆ ನಿಧಾನಗತಿಯಲ್ಲಿ, ಹೊಸ ಎಂಜಿನ್ ಎಂದು ನಾವು ಮೆಲ್ಲಗೆ ಓಡಿಸುವ ಆ ಮೊದಲ ಗಂಟೆಗಳಲ್ಲಿ, ಅಲಗು ಪೂರ್ತಿ ಒಳಗೇ ಇರುತ್ತದೆ. ತಾಗುವುದಿದ್ದರೆ ಆಗಲೇ ತಾಗುತ್ತದೆ.

ಅಳೆಯುವ ಕ್ರಮ ಕಷ್ಟವಿಲ್ಲ, ತಾಳ್ಮೆ ಬೇಕು. ಬೋರ್ ಆಗಿ, ಹೋನಿಂಗ್ ಆಗಿ, ಪೋರ್ಟುಗಳ ಅಂಚಿನ ಚೂಪನ್ನು ಸವರಿ ನಯಮಾಡಿದ ಮೇಲೆ, ಬ್ಲಾಕನ್ನು ಎಂಜಿನ್ನಿಗೆ ಏರಿಸುವ ಮೊದಲೇ ಈ ಕೆಲಸ ಆಗಬೇಕು. ಅಲಗಿನ ಮಸಿಯನ್ನು ಪೂರ್ತಿ ತೆಗೆದು, ಹೊಸ ಗ್ಯಾಸ್ಕೆಟ್ ಹಾಕಿ, ವಾಲ್ವನ್ನು ಅದರ ಜಾಗದಲ್ಲಿ ಬಿಗಿಯಬೇಕು. ಹಳೆಯ ಗ್ಯಾಸ್ಕೆಟ್ ಹಾಕಿ ಅಳೆದು, ಆಮೇಲೆ ಹೊಸದು ಹಾಕಿ ಜೋಡಿಸಿದರೆ ಅಳೆದದ್ದು ವ್ಯರ್ಥ, ಏಕೆಂದರೆ ವಾಲ್ವಿನ ಕವಚದಲ್ಲೇ ತಡೆ ಇರುವ ವಿನ್ಯಾಸಗಳಲ್ಲಿ ಗ್ಯಾಸ್ಕೆಟ್ಟಿನ ದಪ್ಪವೂ ಅಲಗಿನ ಆಳವನ್ನು ತೀರ್ಮಾನಿಸುತ್ತದೆ. ಈಗ ಅಲಗನ್ನು ಕೈಯಿಂದ ಒಳಕ್ಕೆ, ಅದು ನಿಲ್ಲುವವರೆಗೆ ಒತ್ತಿ ಹಿಡಿಯಿರಿ. ಸಿಲಿಂಡರಿನ ಗೋಡೆ ಅಡ್ಡಕ್ಕೆ ಬಾಗಿದ್ದರೂ ಉದ್ದಕ್ಕೆ ನೇರವಾಗಿಯೇ ಇರುತ್ತದೆ. ಆದ್ದರಿಂದ ಒಂದು ಒಳ್ಳೆಯ ಸ್ಟೀಲ್ ಪಟ್ಟಿಯನ್ನು ಗೋಡೆಯ ಉದ್ದಕ್ಕೆ, ಪೋರ್ಟಿನ ಮೇಲೆ ಹಾಯುವಂತೆ ಇಟ್ಟು, ಪಟ್ಟಿಗೂ ಅಲಗಿನ ತುದಿಗೂ ನಡುವೆ ಫೀಲರ್ ಗೇಜ್ ತೂರಿಸಿದರೆ ಗ್ಯಾಪ್ ಕೈಗೆ ಸಿಗುತ್ತದೆ.

ನಡುವೆ ಒಂದು ಕಡೆ ಮಾತ್ರ ಅಳೆದು ಬಿಡಬಾರದು. ಅಲಗಿನ ತುದಿ ಬೋರಿನ ವೃತ್ತಕ್ಕೆ ಹೊಂದುವ ಹಾಗೆ ಒಳಬಾಗಿದ ಕಮಾನು. 41 ಮಿಲಿಮೀಟರ್ ತ್ರಿಜ್ಯಕ್ಕೆ ಕೊರೆದ ಕಮಾನನ್ನು 41.25ರ ಗೋಡೆಗೆ ಹಿಡಿದಾಗ ಎರಡು ಮೂಲೆಗಳು ನಡುಭಾಗಕ್ಕಿಂತ ಸ್ವಲ್ಪ ಮುಂದೆ ಬರುತ್ತವೆ. ತಾಗುವುದು ಮೊದಲು ಅಲ್ಲಿಯೇ. ಆದ್ದರಿಂದ ನಡುವೆ, ಎಡಕ್ಕೆ, ಬಲಕ್ಕೆ ಮೂರೂ ಕಡೆ ಅಳೆಯಬೇಕು; ಎರಡೂ ಸಿಲಿಂಡರಿನಲ್ಲಿ ಅಳೆದು ಬರೆದಿಟ್ಟುಕೊಳ್ಳಬೇಕು. ಎಷ್ಟು ಗ್ಯಾಪ್ ಇರಬೇಕು ಎಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಆಯಾ ಎಂಜಿನ್ನಿನ ವರ್ಕ್‌ಶಾಪ್ ಮ್ಯಾನುವಲ್ಲಿನಲ್ಲೋ, ಪಿಸ್ಟನ್ ಪೆಟ್ಟಿಗೆಯೊಳಗಿನ ಚೀಟಿಯಲ್ಲೋ ಅದು ಅಚ್ಚಾಗಿರುತ್ತದೆ. ಆ ಚೀಟಿಯನ್ನು ಪೆಟ್ಟಿಗೆಯ ಜೊತೆಗೇ ಎಸೆಯುವವರೇ ಹೆಚ್ಚು.

ಗ್ಯಾಪ್ ಸಾಲದಿದ್ದರೆ ಅಲಗಿನ ತುದಿಯನ್ನು ಸವೆಸಬೇಕು. ಬೇಕಾದಷ್ಟು ದೂರಕ್ಕೆ ಒಂದು ಗೀಟು ಎಳೆದುಕೊಂಡು, ಅದೇ ಕಮಾನು, ಅದೇ ಓರೆ ಉಳಿಯುವ ಹಾಗೆ ಅರದಿಂದ ನಿಧಾನವಾಗಿ ಉಜ್ಜುವುದು. ಉಜ್ಜಿದ ಅಂಚಿನಲ್ಲಿ ಏಳುವ ಸಣ್ಣ ಮುಳ್ಳುಗಳನ್ನು ಎಮರಿ ಕಾಗದದಿಂದ ಸವರಿ ತೊಳೆಯುವುದು. ಮತ್ತೆ ಕೂರಿಸಿ, ಮತ್ತೆ ಅಳೆಯುವುದು. ಇರಲಿ ಎಂದು ಹೆಚ್ಚು ತೆಗೆದುಬಿಡುವವರನ್ನು ನಾನು ಒಪ್ಪುವುದಿಲ್ಲ. ಅಲಗಿಗೂ ಪಿಸ್ಟನ್ನಿಗೂ ನಡುವೆ ಜಾಗ ಹೆಚ್ಚಾದರೆ ಅಲಗು ಮುಚ್ಚಿದ್ದಾಗಲೂ ಹೊಗೆ ಅದರ ತುದಿಯ ಮೇಲಿಂದ ನುಸುಳುತ್ತದೆ. ಪೋರ್ಟು ತಗ್ಗಾಗಿರಬೇಕಾದ ಹೊತ್ತಿನಲ್ಲಿ ತಗ್ಗಾಗುವುದಿಲ್ಲ, ನಿಂತಲ್ಲಿಂದ ಏಳುವ ಎಳೆತ ಕುಂದುತ್ತದೆ. ಪವರ್ ವಾಲ್ವ್ ಇದ್ದೂ ಇಲ್ಲದಂತೆ.

ಕೊನೆಗೆ ಬ್ಲಾಕು ಏರಿದ ಮೇಲೆ ಇನ್ನೊಂದು ಪರೀಕ್ಷೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹಾಕುವ ಮೊದಲು, ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಅಲಗನ್ನು ಒಳಕ್ಕೆ ಒತ್ತಿ ಹಿಡಿದು, ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ತಿರುಗಿಸುವುದು. ಪೋರ್ಟಿನ ಬಾಯಿಂದ ಟಾರ್ಚ್ ಬಿಟ್ಟು ನೋಡಿದರೆ ಪಿಸ್ಟನ್ನಿನ ತಲೆ, ರಿಂಗುಗಳು, ಮೈ ಒಂದೊಂದಾಗಿ ಅಲಗಿನ ಮುಂದೆ ಹಾದುಹೋಗುವುದು ಕಾಣಿಸುತ್ತದೆ. ತುದಿ ಬಾಗಿಸಿದ ತಂತಿಯ ಗೇಜನ್ನು ಅಲ್ಲಿ ಆಡಿಸಿ ನೋಡಬಹುದು. ಅಲಗನ್ನು ಹಿಡಿದ ಕೈಗೆ ಒಂದು ಸಣ್ಣ ತಡವಿಕೆ ಬಂದರೂ ಬಿಚ್ಚಬೇಕು. ಅಲಗಿನ ತುದಿ ಓರೆಯಾಗಿರುವುದರಿಂದ ಅದರ ಮೇಲ್ಮೈ ಯಾವುದು, ಕೆಳಮೈ ಯಾವುದು ಎಂಬುದನ್ನು ಬಿಚ್ಚುವಾಗಲೇ ಗುರುತು ಹಾಕಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ ಎಂಜಿನ್ ಮೊದಲು ಏಕೆ ಸೀಜ್ ಆಯಿತು ಎಂದು ಕಂಡುಹಿಡಿಯದಿದ್ದರೆ ಹೊಸ ಪಿಸ್ಟನ್ ಕೂಡ ಅದೇ ದಾರಿ ಹಿಡಿಯುತ್ತದೆ. 1990ರ ದಶಕದ ಸೀ-ಡೂಗಳಲ್ಲಿ ಬೂದು ಬಣ್ಣದ ಪೆಟ್ರೋಲ್ ಪೈಪುಗಳು ಒಳಗೊಳಗೇ ಕರಗಿ ಹಸಿರು ಅಂಟಾಗಿ ಕಾರ್ಬುರೇಟರಿನ ಸಣ್ಣ ಜರಡಿಯನ್ನು ಕಟ್ಟಿಬಿಡುತ್ತವೆ; ಪೆಟ್ರೋಲ್ ಸಾಲದೆ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಕೆರೆಯ, ಕಡಲಿನ ನೀರನ್ನೇ ಎಳೆದುಕೊಂಡು ತಂಪಾಗುವ ಎಂಜಿನ್ನಾದ್ದರಿಂದ ಮರಳು, ಉಪ್ಪು ಕಟ್ಟಿದ ದಾರಿಗಳೂ ಕಾರಣವಾಗುತ್ತವೆ. ಎಣ್ಣೆಯ ವಿಷಯದಲ್ಲಿ ಕಂಪನಿ ಹೇಳಿದ್ದು ಎಪಿಐ-ಟಿಸಿ ದರ್ಜೆ. ತಣ್ಣಗೆ ಓಡುವ ಔಟ್‌ಬೋರ್ಡುಗಳಿಗಾಗಿ ಮಾಡಿದ ಟಿಸಿ-ಡಬ್ಲ್ಯು3 ಹಾಕಿದರೆ ರೇವ್ ಅಲಗಿಗೆ ಮಸಿ ಬೇಗ ಹತ್ತುತ್ತದೆ. ಮಸಿ ಹತ್ತಿದ ಅಲಗು ತೆರೆದೇ ಉಳಿದರೆ ಬಂಡಿ ನೀರಿನಿಂದ ಏಳಲು ಒದ್ದಾಡುತ್ತದೆ. ಮುಚ್ಚಿಯೇ ಉಳಿದರೆ, ಇಲ್ಲವೇ ಬೆಲ್ಲೋಸ್ ಹರಿದಿದ್ದರೆ, ಒಂದು ವೇಗದ ಮೇಲೆ ಏರುವುದೇ ಇಲ್ಲ. ಎಷ್ಟೋ ಸಲ ಇದನ್ನೇ ಎಂಜಿನ್ ಹಾಳಾಗಿದೆ ಎಂದು ತಿಳಿದು ಪೂರ್ತಿ ಬಿಚ್ಚಿಬಿಡುತ್ತಾರೆ. ಎರಡು ಬೋಲ್ಟ್ ಬಿಚ್ಚಿ ಅಲಗನ್ನು ಹೊರತೆಗೆದು ನೋಡಿದ್ದರೆ ಸಾಕಿತ್ತು.

787ರಲ್ಲಿ ಇನ್ನೊಂದು ವಾಲ್ವೂ ಇದೆ, ಪೆಟ್ರೋಲ್ ಒಳಬರುವ ಕಡೆಯ ತಿರುಗುವ ತಟ್ಟೆ. ಕಾಡೆನ್ ತಮ್ಮ ರೇಸ್ ಎಂಜಿನ್ನುಗಳಲ್ಲಿ ಬಳಸಿದ ರೋಟರಿ ವಾಲ್ವಿನ ಸಂತತಿ ಅದು. ಆ ತಟ್ಟೆಗೂ ಅದರ ಮುಚ್ಚಳಕ್ಕೂ ನಡುವೆ 0.25ರಿಂದ 0.35 ಮಿಲಿಮೀಟರ್ ಇರಬೇಕು. ಬೆಸುಗೆಯ ಸೀಸದ ತಂತಿಯ ತುಂಡುಗಳನ್ನು ನಡುವೆ ಇಟ್ಟು, ಮುಚ್ಚಳ ಬಿಗಿದು, ಚಪ್ಪಟೆಯಾದ ತುಂಡನ್ನು ಮೈಕ್ರೋಮೀಟರಿನಲ್ಲಿ ಅಳೆಯುವುದು ವಾಡಿಕೆ. ಎಲ್ಲ ಮುಗಿದ ಮೇಲೆ ಎಂಜಿನ್ನಿನ ಬಾಯಿಗಳನ್ನೆಲ್ಲ ಮುಚ್ಚಿ ಒಳಗೆ 5 ಪಿಎಸ್‌ಐ ಗಾಳಿ ತುಂಬಬೇಕು. 3 ನಿಮಿಷ ಒತ್ತಡ ಇಳಿಯದೆ ನಿಂತರೆ ಸೋರಿಕೆ ಇಲ್ಲ. ಸೋಪಿನ ನೀರು ಹಚ್ಚಿದಾಗ ಗುಳ್ಳೆ ಏಳುವ ಜಾಗಗಳಲ್ಲಿ ರೇವ್ ವಾಲ್ವಿನ ಬುಡವೂ ಒಂದು.

ಈ ಎಂಜಿನ್ನುಗಳ ಕಾಲ ಮುಗಿದಿದೆ ಎಂಬುದನ್ನೂ ಹೇಳಬೇಕು, ಮುಗಿದದ್ದು ಒಳ್ಳೆಯದೇ. ಕಾರ್ಬುರೇಟರಿನ ಟೂ-ಸ್ಟ್ರೋಕು ಕುಡಿದ ಪೆಟ್ರೋಲಿನಲ್ಲಿ ಸುಮಾರು ಕಾಲು ಭಾಗ ಉರಿಯದೆ ನೀರಿಗೆ, ಗಾಳಿಗೆ ಸೇರುತ್ತದೆ. ಅಮೆರಿಕದ ಟಾಹೋ ಸರೋವರದಲ್ಲಿ 1999ರ ಜೂನ್ 1ರಿಂದ ಇಂಥ ಎಂಜಿನ್ನುಗಳನ್ನು ನಿಷೇಧಿಸಿದರು. ಅಮೆರಿಕದ ಪರಿಸರ ಸಂಸ್ಥೆಯೂ ಹೊಸ ನಿಯಮಗಳನ್ನು ತಂದಿತ್ತು. 2002ರಲ್ಲಿ ಯಮಹಾ ಮತ್ತು ಸೀ-ಡೂ ಎರಡೂ ಫೋರ್-ಸ್ಟ್ರೋಕ್ ಎಂಜಿನ್ನಿನ ನೀರಿನ ವಾಹನಗಳನ್ನು ಇಳಿಸಿದವು. ಆದರೆ ಹೊಸದು ಮಾಡುವುದನ್ನು ನಿಲ್ಲಿಸಿದರೆಂದು ಇರುವುದೆಲ್ಲ ಗುಜರಿಗೆ ಹೋಗುವುದಿಲ್ಲ, ಹೋಗಬೇಕೆಂದೂ ಇಲ್ಲ. ಕೆಟ್ಟು ನಿಂತದ್ದನ್ನು ಅಳತೆ ಮಾಡಿ, ಅರ್ಥ ಮಾಡಿಕೊಂಡು ಮತ್ತೆ ಓಡಿಸುವುದು ಒಂದು ವಿದ್ಯೆ. ಅಳತೆಯಿಲ್ಲದೆ ಬಿಡಿಭಾಗ ಬದಲಿಸುತ್ತ ಹೋಗುವುದನ್ನು ನಾನು ಆ ವಿದ್ಯೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಲೇತಿನವರು ಬೋರು ಮಾಡಿ ಕೊಟ್ಟು ತಮ್ಮ ಕೆಲಸ ಮುಗಿಸುತ್ತಾರೆ, ಜೋಡಿಸುವವರು ಪಿಸ್ಟನ್ ಕೂರಿಸಿ ತಮ್ಮದನ್ನು ಮುಗಿಸುತ್ತಾರೆ. ಅಲಗು ಇಬ್ಬರ ನಡುವೆ ಅನಾಥವಾಗಿ ಉಳಿಯುತ್ತದೆ.

ಪವರ್ ವಾಲ್ವ್ ಇರುವ ಯಾವುದೇ ಟೂ-ಸ್ಟ್ರೋಕ್ ಎಂಜಿನ್ನನ್ನು, ಅದು ಜೆಟ್ ಸ್ಕೀಯದಿರಲಿ, ಹೊರದೇಶದಿಂದ ತರಿಸಿಕೊಂಡ ಹಳೆಯ ಬೈಕಿನದಿರಲಿ, ಬೋರ್ ಮಾಡಲು ಕೊಡುವಾಗ ಬ್ಲಾಕಿನ ಜೊತೆಗೆ ವಾಲ್ವುಗಳನ್ನೂ ಕೊಡಿ. ವಾಪಸ್ ಬಂದಾಗ ಎರಡೂ ಸಿಲಿಂಡರಿನ ಗ್ಯಾಪ್ ಎಷ್ಟೆಷ್ಟು ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಆ ಅಂಕಿ ಬರೆದು ಕೊಡದ ಅಂಗಡಿಯಲ್ಲಿ ಹೆಡ್ ಮುಚ್ಚಲು ಬಿಡಬೇಡಿ.